ನಂಬ್ರ ಹಾಕಿದ ಪೊರ್ಬುಗಳು

ನಿರಪರಾಧಿಯೊಬ್ಬನನ್ನು ನೀವು ಕಾಲೇಜಿನಿಂದ ಹೊರಗೆ ಹಾಕಿದಿರಿ. ಗೊತ್ತಿದ್ದೇ ಹಾಕಿದಿರಿ. ಅವನು ಬರೆದ ಮೇಲ್ಮನವಿಯನ್ನು ಮೇಜಿನ ಖಾನೆಯಲ್ಲಿಟ್ಟು, ಅವಧಿ ತೀರುವವರೆಗೆ ಕಾದು, ಅನಂತರ ‘ಅವಧಿ ಮೀರಿದೆ’ ಎಂಬ ಷರಾ ಬರೆದು ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದಿರಿ. ಅಲ್ಲಿಯವರು ಷರಾವನ್ನು ಓದಿದರು, ಮನವಿಯನ್ನು ಓದಲಿಲ್ಲ. ಇಷ್ಟನ್ನೂ ಕಂಡು, ಕಂಡದ್ದನ್ನು ಕಾಗದದ ಮೇಲೆ ಉಳಿಸಿದ ಒಬ್ಬನೇ ಒಬ್ಬ ನೌಕರನನ್ನು ಮುರಿದ ಬೆಂಚುಗಳ ಉಗ್ರಾಣಕ್ಕೆ ತಳ್ಳಿದಿರಿ.

‘ನೀವು’ ಎಂದರೆ ಯಾರೆಂಬ ಸಂಶಯ ಬೇಡ. ಉಡುಪಿಯ ನಮ್ಮ ಕಾಲೇಜಿನ ಅಂದಿನ ಪ್ರಾಂಶುಪಾಲರು, ಅವರ ಎಡಬಲದಲ್ಲಿ ಶಿಸ್ತು ಸಮಿತಿಯೆಂದು ಕುಳಿತ ಇಬ್ಬರು ಅಧ್ಯಾಪಕರು, ಮತ್ತು ಆ ಸಮಿತಿಯ ಆದೇಶವನ್ನು ಪರಿಶೀಲಿಸಬೇಕಾಗಿದ್ದ ವಿಶ್ವವಿದ್ಯಾನಿಲಯದ ಅಧಿಕಾರಿಗಳು. ನಾನು ಈ ಮಾತನ್ನು ಏಳೆಂಟು ವರ್ಷಗಳ ಹಿಂದೆಯೇ ಹೇಳಬೇಕಾಗಿತ್ತು. ಹೇಳದೆ ಉಳಿದವರ ಪಟ್ಟಿಯಲ್ಲಿ ನಾನೂ ಇದ್ದೇನೆ. ಆ ವಿಷಯಕ್ಕೆ ಬರುತ್ತೇನೆ.

ಉಗ್ರಾಣಕ್ಕೆ ತಳ್ಳಲ್ಪಟ್ಟ ಆ ನೌಕರರು ಕಳೆದ ತಿಂಗಳು ಕಲ್ಯಾಣಪುರದ ತಮ್ಮ ಮನೆಯಲ್ಲಿ ತೀರಿಕೊಂಡರು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಕಚೇರಿಯ ಯಾವ ಕಾಗದದಲ್ಲಿಯೂ ತಮ್ಮ ಹೆಸರು ಕಾಣುವುದನ್ನು ಅವರು ಇಷ್ಟಪಡುತ್ತಿರಲಿಲ್ಲ. ಎರಡಕ್ಷರದ ಕಿರುಸಹಿಯಲ್ಲಿ ಮುಗಿಸುತ್ತಿದ್ದರು. ನಮ್ಮ ಕಡೆ ಕೊಂಕಣಿ ಮಾತಾಡುವ ಕ್ರೈಸ್ತ ಗೃಹಸ್ಥರನ್ನು ಪೊರ್ಬುಗಳು ಎಂದು ಕರೆಯುವುದು ರೂಢಿ. ಕಾಲೇಜಿನಲ್ಲಿ ಅಂಥವರು ಇನ್ನೂ ನಾಲ್ಕು ಮಂದಿ ಇದ್ದರು. ಆದರೆ ‘ಪೊರ್ಬುಗಳ ಹತ್ತಿರ ಹೋಗು’ ಎಂದರೆ ಪ್ರಾಂಶುಪಾಲರ ಕೋಣೆಯಿಂದ ಹಿಡಿದು ಕ್ಯಾಂಟೀನಿನ ತನಕ ಎಲ್ಲರಿಗೂ ಇವರೇ.

ಅವರ ಕೆಲಸ ಆವಕ ಜಾವಕದ್ದು. ಕಚೇರಿಗೆ ಬಂದ ಪ್ರತಿಯೊಂದು ಕಾಗದಕ್ಕೂ ದಿನಾಂಕದ ಮುದ್ರೆ ಒತ್ತಿ, ಕ್ರಮಸಂಖ್ಯೆ ಕೊಟ್ಟು, ದಪ್ಪ ರಟ್ಟಿನ ರಿಜಿಸ್ಟರಿನಲ್ಲಿ ಒಂದು ಸಾಲು ಬರೆಯುವುದು. ಹೊರಗೆ ಹೋಗುವ ಕಾಗದಕ್ಕೂ ಹಾಗೆಯೇ. ಸಂಖ್ಯೆಯನ್ನು ಅವರು ನಂಬ್ರ ಎನ್ನುತ್ತಿದ್ದರು. ಬೆಳಿಗ್ಗೆ ಬಂದವರೇ ಕೊಡೆಯನ್ನು ಕಿಟಕಿಯ ಸರಳಿಗೆ ನೇತುಹಾಕಿ, ಮುದ್ರೆಯ ಪುಟ್ಟ ಚಕ್ರವನ್ನು ಉಗುರಿನಿಂದ ತಿರುಗಿಸಿ ಹಿಂದಿನ ದಿನವನ್ನು ಇಂದಿಗೆ ತರುತ್ತಿದ್ದರು. ಒಂದು ರದ್ದಿ ಚೂರಿನ ಮೇಲೆ ಒತ್ತಿ, ಬೆಳಕಿಗೆ ಹಿಡಿದು, ಸರಿಯಿದೆ ಎಂದು ತೋರಿದ ಮೇಲೆ ಕುರ್ಚಿಯಲ್ಲಿ ಕೂರುವುದು. ಅದಕ್ಕೆ ಮೊದಲು ಯಾರು ಏನು ಕೇಳಿದರೂ ಉತ್ತರವಿಲ್ಲ. ‘ಇವತ್ತು ಇನ್ನೂ ಆಗ್ಲಿಲ್ಲ’ ಎನ್ನುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು ಪ್ರಥಮ ಪದವಿ ತರಗತಿಯಲ್ಲಿ, ಬಸ್ಸಿನ ರಿಯಾಯಿತಿ ಪತ್ರಕ್ಕಾಗಿ ಅರ್ಜಿ ಹಿಡಿದು ಹೋದಾಗ. ಪರ್ಕಳದಲ್ಲಿ ಬಾಡಿಗೆ ಕೋಣೆ, ದಿನಾ ಮಣಿಪಾಲದ ಮೇಲಿಂದ ಉಡುಪಿಗೆ ಬಸ್ಸು. ಅರ್ಜಿಯನ್ನು ಅವರು ನಿಂತುಕೊಂಡೇ ಓದಿದರು. ಕಾಗದವನ್ನು ಕೂತು ಓದಿದರೆ ನಿದ್ದೆ ಬರುತ್ತದೆ, ನಿದ್ದೆಯಲ್ಲಿ ತಪ್ಪು ದಾಟಿಹೋಗುತ್ತದೆ ಎಂಬುದು ಅವರ ಸಿದ್ಧಾಂತ. ಓದಿ, ನನಗೇ ಹಿಂದಿರುಗಿಸಿ, ಗಟ್ಟಿಯಾಗಿ ಓದಲು ಹೇಳಿದರು. ನಾನು ಓದಿದೆ. ಮಹಾಸ್ವಾಮಿಗಳಾದ ತಾವು, ಬಡ ವಿದ್ಯಾರ್ಥಿಯಾದ ನಾನು, ಕೃಪೆಯಿಟ್ಟು, ಕ್ಷಮೆಯಿಟ್ಟು ಎಂದೆಲ್ಲ ಮುಕ್ಕಾಲು ಪುಟ ಇತ್ತು.

“ಎಂತ ತಪ್ಪು ಮಾಡಿದ್ದು ನೀನು?” ಎಂದು ಕೇಳಿದರು.

“ತಪ್ಪು ಎಂತದೂ ಇಲ್ಲ, ಪೊರ್ಬುಗಳೇ.”

“ಮತ್ತೆ ಕ್ಷಮೆ ಯಾಕೆ ಪುತಾ? ಅದು ಸುಮ್ಮನೆ ಖರ್ಚು ಮಾಡುವ ವಸ್ತು ಅಲ್ಲ. ನಾಳೆ ನಿಜವಾಗಿ ಬೇಕಾದರೆ ನಿನ್ನ ಹತ್ತಿರ ಇರ್ಲಿಕ್ಕಿಲ್ಲ.”

ಕೆಂಪು ಪೆನ್ಸಿಲಿನಿಂದ ಆ ಸಾಲುಗಳನ್ನೆಲ್ಲ ಹೊಡೆದುಹಾಕಿ, ಉಳಿದ ಎರಡು ಸಾಲನ್ನು ಬೇರೆ ಹಾಳೆಯಲ್ಲಿ ಬರೆಸಿ, ಅದಕ್ಕೆ ನಂಬ್ರ ಹಾಕಿದರು. ಪುತಾ ಎಂದರೆ ಅವರ ಮಾತಿನಲ್ಲಿ ಮಗ. ಕಚೇರಿಯಲ್ಲಿ ಹಾಗೆ ಕರೆಯುತ್ತಿದ್ದವರು ಅವರೊಬ್ಬರೇ. ಉಳಿದವರಿಗೆ ನಾವು ‘ಏಯ್’.

ಈ ಕೆಂಪು ಪೆನ್ಸಿಲಿನ ಮಹತ್ವ ನನಗೆ ತಿಳಿಯಲು ಎರಡು ವರ್ಷ ಬೇಕಾಯಿತು.

ನನ್ನ ಕೋಣೆಯ ಸಂಗಾತಿ ಸದಾನಂದ ಕಾಪುವಿನವನು. ತಂದೆ ರಂಪಣಿಯಲ್ಲಿ ದುಡಿಯುತ್ತಿದ್ದರು. ಊರಿನ ಗಂಡಸರೆಲ್ಲ ಸೇರಿ ದಡದಿಂದ ಎಳೆಯುವ ದೊಡ್ಡ ಬಲೆ ಅದು. ತಾಯಿ ಮೀನು ಮಾರುತ್ತಿದ್ದರು. ಆ ಮನೆಯಿಂದ ವಿಜ್ಞಾನದ ಪದವಿಗೆ ಬಂದ ಮೊದಲನೆಯವನು ಅವನು. ಅಂತಿಮ ವರ್ಷದಲ್ಲಿ ನಾವು ಅವನನ್ನು ತರಗತಿಯ ಪ್ರತಿನಿಧಿಯಾಗಿ ಆರಿಸಿದೆವು. ಅವನು ಬೇಡವೆಂದ, ನಾವು ಕೇಳಲಿಲ್ಲ.

ಪರೀಕ್ಷೆಗೆ ಕೆಲವೇ ವಾರಗಳಿದ್ದಾಗ ಬಸ್ ದರದ ವಿರುದ್ಧ ವಿದ್ಯಾರ್ಥಿಗಳ ಗಲಾಟೆ ಎದ್ದಿತು. ಒಂದು ಶುಕ್ರವಾರ ಮಧ್ಯಾಹ್ನ ಕಾಲೇಜಿನ ಅಂಗಳದಲ್ಲಿ ಜನ ಸೇರಿ, ಯಾರೋ ಕಲ್ಲೆಸೆದು, ಕಚೇರಿಯ ಮುಂಭಾಗದ ಗಾಜು ಒಡೆಯಿತು. ಒಳಗೆ ಕುಳಿತಿದ್ದ ಪೊರ್ಬುಗಳ ರಿಜಿಸ್ಟರಿನ ಮೇಲೆ ಗಾಜಿನ ಚೂರು ಬಿದ್ದವು. ಅಂದು ಸದಾನಂದ ಉಡುಪಿಯಲ್ಲಿಯೇ ಇರಲಿಲ್ಲ. ತಂದೆಗೆ ಜ್ವರವೆಂದು ಗುರುವಾರವೇ ಊರಿಗೆ ಹೋಗಿದ್ದ. ತಂದೆಯ ಬದಲಿಗೆ ಬಲೆಯ ಹಗ್ಗ ಹಿಡಿದಿದ್ದ. ಗಾಜು ಒಡೆದ ಹೊತ್ತಿಗೆ ಕಾಪುವಿನ ಮರಳಿನಲ್ಲಿ ಅವನ ಹಿಂದೆ ಮುಂದೆ ಊರಿನ ಅರ್ಧದಷ್ಟು ಗಂಡಸರು ಅದೇ ಹಗ್ಗ ಹಿಡಿದಿದ್ದರು. ಇದಕ್ಕಿಂತ ಹೆಚ್ಚು ಸಾಕ್ಷಿಗಳಿರುವ ಗೈರುಹಾಜರಿಯನ್ನು ನಾನು ಕೇಳಿಲ್ಲ.

ಸೋಮವಾರ ಅವನು ಹಿಂದಿರುಗಿದಾಗ ನಮ್ಮ ತರಗತಿಯ ಹಾಲ್ ಟಿಕೆಟುಗಳನ್ನೆಲ್ಲ ತಡೆಹಿಡಿದಿದ್ದರು. ಪ್ರಾಂಶುಪಾಲರು ಪ್ರತಿನಿಧಿಯನ್ನು ಕರೆಸಿದರು. ತರಗತಿಯ ಪರವಾಗಿ ಒಂದು ಕ್ಷಮಾಪಣೆ ಬರೆದುಕೊಡು, ಇದನ್ನು ಇಲ್ಲಿಗೇ ಮುಗಿಸುವ, ನಾಳೆಯೇ ಹಾಲ್ ಟಿಕೆಟು ಕೊಡಿಸುತ್ತೇನೆ ಎಂದರು. ಇದು ಈ ಕಾಲೇಜಿನ ಹಳೆಯ ಪದ್ಧತಿ. ಯಾವ ವಿಚಾರಣೆಗೂ ಮೊದಲು ಒಂದು ಕ್ಷಮಾಪಣೆ ಪತ್ರ ತೆಗೆದುಕೊಳ್ಳುವುದು, ‘ಔಪಚಾರಿಕ’ ಎಂದು ಹೇಳಿ. ಹಿರಿಯರು ಕೇಳಿದಾಗ ತಲೆ ತಗ್ಗಿಸಿ ಕ್ಷಮೆ ಕೇಳುವುದನ್ನು ನಮ್ಮ ಮನೆಗಳಲ್ಲಿ ಮರ್ಯಾದೆಯೆಂದು ಕಲಿಸುತ್ತಾರೆ. ಆ ಮರ್ಯಾದೆಯ ಮೇಲೆಯೇ ನಿಮ್ಮ ಪದ್ಧತಿ ನಿಂತಿದೆ. ಮಂಗಳವಾರ ಬೆಳಿಗ್ಗೆ ಸದಾನಂದ ಬರೆದುಕೊಟ್ಟ. ನಡೆದುದಕ್ಕೆ ವಿಷಾದಿಸುತ್ತೇನೆ, ಕ್ಷಮೆ ಕೋರುತ್ತೇನೆ, ಇಂತು ತಮ್ಮ ವಿಧೇಯ. ಅಂದು ಸಂಜೆಯೇ ನನ್ನ ಹಾಲ್ ಟಿಕೆಟು ನನ್ನ ಕೈಯಲ್ಲಿತ್ತು. ಆ ಪತ್ರವನ್ನು ಪ್ರಾಂಶುಪಾಲರ ಕೋಣೆಯಲ್ಲಿಯೇ ಬರೆಸಿದ್ದರಿಂದ ಕೆಂಪು ಪೆನ್ಸಿಲು ಅದನ್ನು ಮುಟ್ಟಲಿಲ್ಲ. ಜವಾನ ತಂದುಕೊಟ್ಟಾಗ ಪೊರ್ಬುಗಳು ಅದಕ್ಕೆ ಹಾಕಿದ ನಂಬ್ರ ೪೧೨.

ಗುರುವಾರ ಭೌತಶಾಸ್ತ್ರದ ಮುಖ್ಯಸ್ಥರು ಒಂದು ದೂರು ಸಲ್ಲಿಸಿದರು. ಕಲ್ಲೆಸೆದವನು ಸದಾನಂದನೇ, ತಾನು ಕಣ್ಣಾರೆ ಕಂಡಿದ್ದೇನೆ ಎಂಬುದು ದೂರು. ಅದರ ನಂಬ್ರ ೪೧೭.

ಶನಿವಾರ ವಿಚಾರಣೆ ನಡೆಯಿತು. ನಾನು ಹೊರಗಿನ ಬೆಂಚಿನಲ್ಲಿ ಕುಳಿತಿದ್ದೆ. ಸಮಿತಿಯಲ್ಲಿ ಪ್ರಾಂಶುಪಾಲರು, ಹಾಸ್ಟೆಲಿನ ವಾರ್ಡನ್, ಮತ್ತು ದೂರು ಕೊಟ್ಟ ಆ ಭೌತಶಾಸ್ತ್ರದ ಮುಖ್ಯಸ್ಥರೇ. ದೂರುದಾರ, ಸಾಕ್ಷಿ, ನ್ಯಾಯಾಧೀಶ ಮೂರೂ ಒಂದೇ ಕುರ್ಚಿಯಲ್ಲಿ. ಒಳಗೆ ಚಹಾ ಮತ್ತು ಗೋಳಿಬಜೆ ಹೋದವು. ಸದಾನಂದ ನಿಂತೇ ಇದ್ದ. ತನ್ನ ಊರಿನವರನ್ನು ಕರೆದು ಕೇಳಿ ಎಂದನಂತೆ. ಮೀನು ಹಿಡಿಯುವವರನ್ನು ಕರೆಸಿ ಕಾಲೇಜಿನಲ್ಲಿ ಸಾಕ್ಷಿ ಕೇಳುವುದೇ ಎಂದು ವಾರ್ಡನರು ನಕ್ಕರಂತೆ. ಆ ನಗು ಬೆಂಚಿನ ತನಕ ಕೇಳಿತು. ಪ್ರಾಂಶುಪಾಲರು ಮಂಗಳವಾರದ ಪತ್ರವನ್ನು ಎತ್ತಿ ಹಿಡಿದು, ತಪ್ಪು ಮಾಡದವನು ಕ್ಷಮೆ ಯಾಕೆ ಕೇಳುತ್ತಾನೆ ಎಂದರು. ಚಹಾ ಆರುವುದಕ್ಕೆ ಮೊದಲೇ ವಿಚಾರಣೆ ಮುಗಿಯಿತು. ಎರಡು ವರ್ಷ ಪರೀಕ್ಷೆಗೆ ಕುಳಿತುಕೊಳ್ಳುವಂತಿಲ್ಲ, ಕಾಲೇಜಿನಿಂದ ಹೊರಗೆ. ನಡತೆಯ ಕಾಲಂನಲ್ಲಿ ‘ತೃಪ್ತಿಕರವಲ್ಲ’. ಆ ಒಂದು ಪದವಿದ್ದರೆ ಬೇರೆ ಯಾವ ಕಾಲೇಜಿನ ಬಾಗಿಲೂ ತೆರೆಯುವುದಿಲ್ಲ. ಎರಡು ವರ್ಷದ ಶಿಕ್ಷೆ ಎಂದು ಬರೆದು ಜೀವಾವಧಿಯದನ್ನು ಕೊಡುವ ವಿಧಾನ ಅದು.

ಆದೇಶ ಕೈಸೇರಿದ ಮೂವತ್ತು ದಿನಗಳ ಒಳಗೆ ವಿಶ್ವವಿದ್ಯಾನಿಲಯಕ್ಕೆ ಮೇಲ್ಮನವಿ ಸಲ್ಲಿಸಬಹುದೆಂದು ನಿಯಮ. ಆದರೆ ಅದನ್ನು ಪ್ರಾಂಶುಪಾಲರ ಮೂಲಕವೇ ಕಳುಹಿಸಬೇಕು. ಯಾರ ವಿರುದ್ಧ ದೂರೋ ಅವರ ಕೈಯಿಂದಲೇ ದೂರು ಮೇಲಕ್ಕೆ ಹೋಗಬೇಕು. ಈ ನಿಯಮ ಬರೆದವರು ಯಾರೋ ನನಗೆ ಗೊತ್ತಿಲ್ಲ. ತಮ್ಮ ಮೇಲೆ ಎಂದೂ ದೂರು ಬರುವುದಿಲ್ಲವೆಂಬ ಭರವಸೆ ಇದ್ದವರೇ ಇರಬೇಕು.

ಸದಾನಂದ ಇಲ್ಲಿ ಒಂದು ತಪ್ಪು ಮಾಡಿದ. ಅವನ ಜಾಗದಲ್ಲಿದ್ದರೆ ನಮ್ಮ ಊರಿನ ನೂರಕ್ಕೆ ನೂರು ಮಂದಿಯೂ ಅದನ್ನೇ ಮಾಡುತ್ತಿದ್ದರು. ದೊಡ್ಡವರಿಗೆ ಕೊಡುವ ಕಾಗದವನ್ನು ಜವಾನನ ಕೈಯಲ್ಲಿ ಕೊಡುವುದು ಉದ್ಧಟತನವೆಂದು ಅವನ ತಾಯಿಗೆ ತೋರಿತು. ಕಾರ್ಕಳದ ಹತ್ತಿರ ಕುಕ್ಕುಂದೂರಿನಲ್ಲಿದ್ದ ಪ್ರಾಂಶುಪಾಲರ ಮನೆಗೇ ಹೋಗಿ ಕೈಯಲ್ಲಿ ಕೊಟ್ಟು ಬಾ ಎಂದರು. ಬರಿಗೈಯಲ್ಲಿ ಹೋಗುವುದು ಹೇಗೆ? ಮೀನು ಕೊಡುವಂತಿಲ್ಲ, ಆ ಮನೆಯವರು ಮುಟ್ಟುವುದಿಲ್ಲ. ಹಾಗಾಗಿ ಎರಡು ಚೆಂಡು ಶಂಕರಪುರದ ಮಲ್ಲಿಗೆಯನ್ನು ಬಾಳೆ ಎಲೆಯಲ್ಲಿ ಕಟ್ಟಿ ಕಳುಹಿಸಿದರು. ಭಾನುವಾರ ಬೆಳಿಗ್ಗೆ ಅವನು ಕಾಪುವಿನಿಂದ ಉಡುಪಿಗೆ, ಅಲ್ಲಿಂದ ಕಾರ್ಕಳಕ್ಕೆ ಬಸ್ಸು ಹಿಡಿದು ಹೋದ. ಪ್ರಾಂಶುಪಾಲರು ಜಗಲಿಯಲ್ಲಿ ನಿಂತೇ ಕಾಗದ ತೆಗೆದುಕೊಂಡು, ‘ನೋಡುವ’ ಎಂದರು. ಹೂವನ್ನು ಮನೆಯವರು ಒಳಗೆ ತೆಗೆದುಕೊಂಡರು.

ಮೂರು ವಾರ ಅವರು ನೋಡಲಿಲ್ಲ. ಕೇಳಲು ಹೋದಾಗ ಯಾವ ಮನವಿ ಎಂದರು.

ಆ ದಿನ ಸದಾನಂದ ನನ್ನೊಡನೆ ಪೊರ್ಬುಗಳ ಮೇಜಿನ ಮುಂದೆ ನಿಂತಿದ್ದ. ಅವರು ರಿಜಿಸ್ಟರಿನ ಪುಟಗಳನ್ನು ಬೆರಳಿನಿಂದ ಸವರುತ್ತ ಹೋಗಿ, ಇಲ್ಲವೆಂದು ತಲೆಯಾಡಿಸಿದರು. ಸದಾನಂದ ಕುಕ್ಕುಂದೂರಿನ ಕಥೆ ಹೇಳಿದ.

“ಮಲ್ಲಿಗೆ ಒಳಗೆ ಹೋದದ್ದು ನೀನು ನೋಡಿದ್ದೀಯಾ?”

“ನೋಡಿದ್ದೇನೆ.”

“ಅರ್ಜಿ?”

ಪೊರ್ಬುಗಳು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರಸಿದರು. “ಮನೆಗೆ ಕೊಟ್ಟದ್ದು ಮನೆಯಲ್ಲೇ ಉಳಿಯುತ್ತದೆ ಪುತಾ. ಕಚೇರಿಗೆ ಕೊಟ್ಟದ್ದಕ್ಕೆ ನಂಬ್ರ ಉಂಟು. ಇವತ್ತು ಎಷ್ಟನೇ ದಿನ?”

ಇಪ್ಪತ್ತೊಂಬತ್ತನೆಯ ದಿನ. ಅಂದು ಮಧ್ಯಾಹ್ನ ಅವರು ಊಟಕ್ಕೆ ಏಳಲಿಲ್ಲ. ಮೇಜಿನ ಒಂದು ತುದಿಯನ್ನು ತೆರವು ಮಾಡಿ ಸದಾನಂದನನ್ನು ಕೂರಿಸಿ ಮತ್ತೊಮ್ಮೆ ಬರೆಸಿದರು. ಒಂದು ವಾಕ್ಯವನ್ನೂ ಅವರು ಹೇಳಿಕೊಡಲಿಲ್ಲ. ಅವನು ಕ್ಷಮೆಯೆಂದು ಬರೆದಲ್ಲೆಲ್ಲ ಕೆಂಪು ಪೆನ್ಸಿಲು ಮಾತ್ರ ಇಳಿಯಿತು. ಶಿಸ್ತು ಸಮಿತಿಯ ಆದೇಶದ ಪ್ರತಿಯನ್ನು ತರಿಸಿ, ನಿಂತುಕೊಂಡು ಓದಿ, ಆದೇಶದ ತಲೆಯಲ್ಲಿದ್ದ ಉಲ್ಲೇಖದ ಮೇಲೆ ಬೆರಳಿಟ್ಟರು. ಅಪರಾಧಿಯ ತಪ್ಪೊಪ್ಪಿಗೆ, ನಂಬ್ರ ೪೧೨. ಅಪರಾಧದ ದೂರು, ನಂಬ್ರ ೪೧೭.

“ಇದು ಎಂತ ನೋಡು. ಒಪ್ಪಿಕೊಂಡದ್ದು ಮಂಗಳವಾರ. ದೂರು ಹುಟ್ಟಿದ್ದು ಗುರುವಾರ. ಇಲ್ಲದ ದೂರಿಗೆ ಒಪ್ಪಿಗೆ ಕೊಟ್ಟವ ನೀನೊಬ್ಬನೇ ಇರ್ಬೇಕು ಮಾರಾಯ.”

ಮೂವರು ವಿದ್ವಾಂಸರು ಸಹಿ ಹಾಕಿದ ಆದೇಶದಲ್ಲಿ ಯಾರ ಕಣ್ಣಿಗೂ ಬೀಳದ ಸಂಗತಿಯನ್ನು, ಎಸ್ಸೆಸ್ಸೆಲ್ಸಿ ಮಾತ್ರ ಓದಿದ ಟಪಾಲು ಗುಮಾಸ್ತರು ಅರೆ ನಿಮಿಷದಲ್ಲಿ ಕಂಡರು. ಅದನ್ನು ಸದಾನಂದ ತನ್ನ ಮನವಿಯಲ್ಲಿ ಬರೆದ. ಪೊರ್ಬುಗಳು ಮುದ್ರೆ ಒತ್ತಿ, ೫೦೩ ಎಂದು ನಂಬ್ರ ಹಾಕಿ, ಕಾರ್ಬನ್ ಪ್ರತಿಯ ಮೇಲೂ ಅದನ್ನೇ ಬರೆದು ಕಿರುಸಹಿ ಮಾಡಿ ಅವನ ಕೈಗೆ ಕೊಟ್ಟರು. ಅನಂತರ ನನ್ನ ಕಡೆ ತಿರುಗಿದರು.

“ನೀನು ಶುಕ್ರವಾರ ಎಲ್ಲಿದ್ದೆ?”

ನಾನು ಕಾಲೇಜಿನ ಜಗಲಿಯಲ್ಲಿದ್ದೆ. ಗಾಜು ಒಡೆದದ್ದನ್ನು ಕಂಡಿದ್ದೆ. ಕಲ್ಲು ಯಾರ ಕೈಯಿಂದ ಹೊರಟಿತೆಂಬುದನ್ನೂ ಕಂಡಿದ್ದೆ. ಅವರಿಗೆ ಅದು ನನ್ನ ಮುಖದಿಂದಲೇ ತಿಳಿದಿರಬೇಕು.

“ಬರೆದು ಕೊಡು. ಇದರ ಹಿಂದೆಯೇ ಐನೂರ ನಾಲ್ಕು ಹಾಕ್ತೇನೆ.”

ಪರೀಕ್ಷೆಗೆ ಹತ್ತು ದಿನ ಇತ್ತು. ವಿಜ್ಞಾನ ಓದಿದರೂ ಮುಂದೆ ಎಂ.ಎ. ಸೇರುವ ಆಸೆ ಇತ್ತು. ನಾಳೆ ಕೊಡುತ್ತೇನೆ ಎಂದೆ. ಅವರು ಒತ್ತಾಯಿಸಲಿಲ್ಲ, ಮುಖ ಸಣ್ಣದು ಮಾಡಲಿಲ್ಲ. ರಿಜಿಸ್ಟರಿನ ಆ ಪುಟದಲ್ಲಿ ಒತ್ತುಕಾಗದವಿಟ್ಟು ಮುಚ್ಚಿದರು. ಮರುದಿನ ನಾನು ಬೇರೆ ಬಾಗಿಲಿನಿಂದ ಒಳಗೆ ಹೋದೆ. ಪರೀಕ್ಷೆ ಮುಗಿಯುವ ತನಕ ಆ ಮೇಜಿನ ಮುಂದೆ ಹಾದುಹೋಗಲೇ ಇಲ್ಲ. ಸದಾನಂದನ ಸಹಿಯಿಂದ ಬಂದ ಹಾಲ್ ಟಿಕೆಟಿನಲ್ಲಿ ನಾನು ಪದವೀಧರನಾದೆ. ನಿಮ್ಮನ್ನು ಪ್ರಶ್ನಿಸುವ ಭಾಷೆಯನ್ನು ನನಗೆ ಕಲಿಸಿದ ವಿದ್ಯೆಯೆಲ್ಲ ಆ ಸಹಿಯ ಮೇಲೆಯೇ ನಿಂತಿದೆ.

ಮುಂದಿನದನ್ನು ಪೊರ್ಬುಗಳು ನನಗೆ ಹೇಳಿದ್ದು ಕೆಲವು ವರ್ಷಗಳ ಮೇಲೆ, ಕಲ್ಯಾಣಪುರದ ಅವರ ಮನೆಯ ಜಗಲಿಯಲ್ಲಿ. ಎಂ.ಎ. ಮುಗಿಸಿ ಮಣಿಪಾಲದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಕೆಲವು ಭಾನುವಾರ ಅಲ್ಲಿಗೆ ಹೋಗುತ್ತಿದ್ದೆ. ಮೊದಲ ಸಲ ಹೋದಾಗ ಗೇಟಿನಲ್ಲಿಯೇ ನಿಂತೆ. “ಬಾ, ಬಾ. ನಾಳೆ ಅಂತ ಹೇಳಿದ್ದೆ, ಇವತ್ತು ಬಂದದ್ದಾ?” ಎಂದು ನಕ್ಕರು. ಆ ವಿಷಯವನ್ನು ಮತ್ತೆ ಎತ್ತಲಿಲ್ಲ.

ಮನವಿ ಸಲ್ಲಿಕೆಯಾದ ಮರುವಾರ ಪ್ರಾಂಶುಪಾಲರು ಅವರನ್ನು ಕರೆಸಿದರಂತೆ. ದೂರಿನ ನಂಬ್ರ ಮೊದಲು ಬರುವಂತೆ, ಕ್ಷಮಾಪಣೆಯ ನಂಬ್ರ ಅದರ ಅನಂತರ ಬರುವಂತೆ ರಿಜಿಸ್ಟರಿನಲ್ಲಿ ಒಂದು ಚೀಟಿ ಅಂಟಿಸಿ ಸರಿಮಾಡಬೇಕೆಂದರು. ದನಿ ಏರಿಸಲಿಲ್ಲ, ಕುರ್ಚಿಯನ್ನೂ ತೋರಿಸಿದರು. “ಒಂದು ನಂಬ್ರದ ವಿಷಯ ಅಲ್ವಾ, ಪೊರ್ಬುಗಳೇ?” ಎಂದರು.

“ನೀವು ಎಂತ ಹೇಳಿದಿರಿ?” ಎಂದು ನಾನು ಕೇಳಿದೆ.

“ಹೌದು ಸರ್, ಒಂದು ನಂಬ್ರದ್ದೇ ವಿಷಯ. ನನ್ನ ಕೈಯಲ್ಲಿ ಇರುವುದು ಅದೊಂದೇ ಅಂತ ಹೇಳಿದೆ.” ಆಮೇಲೆ ನಗುತ್ತ, “ಕೂತ್ಕೊಳ್ಳಲಿಲ್ಲ. ಕೂತರೆ ನಿದ್ದೆ ಬರ್ತದಲ್ಲ” ಎಂದರು.

ತಿಂಗಳೊಳಗೆ ಅವರನ್ನು ಉಗ್ರಾಣಕ್ಕೆ ವರ್ಗಾಯಿಸಲಾಯಿತು. ಸೇವಾ ಪುಸ್ತಕದಲ್ಲಿ ‘ಮೇಲಧಿಕಾರಿಗಳಿಗೆ ವಿಧೇಯನಲ್ಲ’ ಎಂಬ ಷರಾ ಬಿತ್ತು. ಇಪ್ಪತ್ತೆಂಟು ವರ್ಷಗಳ ಸೇವೆಯಲ್ಲಿ ಒಂದು ದಿನವೂ ಮುದ್ರೆಯ ದಿನಾಂಕ ತಪ್ಪದವರಿಗೆ! ಅವರು ಹೊಸ ಕೋಣೆಗೆ ಹೋಗುವ ಮೊದಲು, ತಮ್ಮ ವಶದಲ್ಲಿದ್ದ ಪ್ರತಿಯೊಂದು ರಿಜಿಸ್ಟರಿನ ಪಟ್ಟಿ ಮಾಡಿ, ಪುಟಗಳನ್ನು ಎಣಿಸಿ, ಯಾವ ಪುಟದಲ್ಲಿಯೂ ಚೀಟಿ ಅಂಟಿಸಿಲ್ಲವೆಂದು ಬರೆದು, ಹೊಸ ಗುಮಾಸ್ತನಿಂದ ಸಹಿ ತೆಗೆದುಕೊಂಡರು. ಅದರ ಪ್ರತಿಯೊಂದನ್ನು ಮನೆಗೆ ತಂದರು.

ಉಗ್ರಾಣದಲ್ಲಿ ಮಾಡಲು ಕೆಲಸವಿರಲಿಲ್ಲ. ಕೆಲಸವಿಲ್ಲದೆ ಕೂರಲಿ ಎಂದೇ ಅಲ್ಲಿಗೆ ಹಾಕಿದ್ದು. ಅವರು ಬಣ್ಣದ ಡಬ್ಬಿ ತಂದು ಮುರಿದ ಬೆಂಚುಗಳಿಗೆ ಒಂದೊಂದಾಗಿ ನಂಬ್ರ ಬರೆದರು. ಯಾವ ಬೆಂಚು ಯಾವ ಕೋಣೆಯಿಂದ ಬಂತು, ಯಾವ ಕಾಲು ಮುರಿದಿದೆ ಎಂದು ಒಂದು ನೋಟು ಪುಸ್ತಕದಲ್ಲಿ ದಾಖಲಿಸಿದರು. ಅಧ್ಯಾಪಕರು ಇದನ್ನು ಹುಚ್ಚೆಂದು ನಕ್ಕರು. ಅನಂತರ ಒಬ್ಬ ಹೊಸ ಅಧ್ಯಾಪಕರು ಆ ಪುಸ್ತಕವನ್ನು ಹಿಡಿದು ಬಡಗಿಯನ್ನು ಕರೆಸಿದಾಗ ಮುಕ್ಕಾಲು ಪಾಲು ಬೆಂಚುಗಳು ಮತ್ತೆ ತರಗತಿಗೆ ಹೋದವು. ನಮ್ಮ ಕಾಲೇಜಿನ ಹಲವು ಬೆಂಚುಗಳ ಅಡಿಭಾಗದಲ್ಲಿ ಇಂದಿಗೂ ಅವರ ಕೈಯ ಬಿಳಿ ಅಂಕಿಗಳಿವೆ. ಬಗ್ಗಿ ನೋಡಿ.

ಮನವಿಯ ಗತಿಯನ್ನೂ ಹೇಳಬೇಕು. ಪ್ರಾಂಶುಪಾಲರು ಅದನ್ನು ಎರಡು ತಿಂಗಳು ಇಟ್ಟುಕೊಂಡು, ಎರಡು ಷರಾಗಳೊಂದಿಗೆ ಮೇಲಕ್ಕೆ ಕಳುಹಿಸಿದರು. ಒಂದು, ಅವಧಿ ಮೀರಿದೆ. ಇನ್ನೊಂದನ್ನು ನಾನು ಓದಿದ್ದು ಸದಾನಂದನಿಗೆ ವಿಶ್ವವಿದ್ಯಾನಿಲಯದಿಂದ ಬಂದ ಪ್ರತಿಯಲ್ಲಿ. ಸದರಿ ವಿದ್ಯಾರ್ಥಿಯು ಪ್ರಾಂಶುಪಾಲರ ಸ್ವಗೃಹಕ್ಕೆ ಬಂದು ಕಾಣಿಕೆಯ ಮೂಲಕ ಪ್ರಭಾವ ಬೀರಲು ಯತ್ನಿಸಿದ್ದಾನೆ. ಎರಡು ಚೆಂಡು ಮಲ್ಲಿಗೆ. ಮೀನಿನ ವಾಸನೆ ತಾಗಬಾರದೆಂದು ಆ ತಾಯಿ ಕೈಯನ್ನು ಎರಡು ಸಲ ತೊಳೆದು ಕಟ್ಟಿದ ಮಲ್ಲಿಗೆ. ಮನವಿ ಬಂದೇ ಇಲ್ಲ ಎಂದವರಿಗೆ ಮಲ್ಲಿಗೆ ಬಂದದ್ದು ಮಾತ್ರ ನೆನಪಿತ್ತು.

ವಿಶ್ವವಿದ್ಯಾನಿಲಯದಿಂದ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂತು. ಅಷ್ಟರಲ್ಲಿ ನಮ್ಮ ಜಿಲ್ಲೆಗೆ ಹೊಸ ವಿಶ್ವವಿದ್ಯಾನಿಲಯವಾಯಿತು. ಕಾಲೇಜುಗಳೆಲ್ಲ ಅದರ ವ್ಯಾಪ್ತಿಗೆ ಸೇರಿದವು. ನಾವೆಲ್ಲ ಸಂತೋಷಪಟ್ಟೆವು. ಸದಾನಂದ ಹಳೆಯ ವಿಶ್ವವಿದ್ಯಾನಿಲಯಕ್ಕೆ ಬರೆದರೆ, ನಿಮ್ಮ ಕಾಲೇಜು ಈಗ ನಮ್ಮದಲ್ಲ ಎಂದರು. ಹೊಸದಕ್ಕೆ ಬರೆದರೆ, ಇದು ನಾವು ಹುಟ್ಟುವುದಕ್ಕಿಂತ ಮೊದಲಿನ ವಿಷಯ ಎಂದರು. ಕಾಲೇಜಿಗೆ ಹೋಗಿ ಆ ವರ್ಷದ ರಿಜಿಸ್ಟರು ತೋರಿಸಿ ಎಂದರೆ, ಗೆದ್ದಲು ತಿಂದಿದೆ ಎಂಬ ಉತ್ತರ ಸಿಕ್ಕಿತು. ಇದನ್ನು ಪೊರ್ಬುಗಳಿಗೆ ಹೇಳಿದಾಗ ಅವರು ಬಹಳ ಹೊತ್ತು ನಕ್ಕರು. ನಮ್ಮ ಕಚೇರಿಯ ಗೆದ್ದಲಿಗೆ ಓದಲಿಕ್ಕೂ ಬರುತ್ತದೆ, ಬೇಕಾದ ಪುಟವನ್ನು ಹುಡುಕಿ ತಿನ್ನುತ್ತದೆ ಎಂದರು. ನಕ್ಕು ಮುಗಿದ ಮೇಲೆ ಕನ್ನಡಕ ತೆಗೆದರು. ಈ ಸಲ ಒರಸಿದ್ದು ಕನ್ನಡಕವನ್ನಲ್ಲ.

ನಿವೃತ್ತಿಯ ನಂತರವೂ ಅವರು ಪ್ರತಿ ಸಲ ಒಂದೇ ಪ್ರಶ್ನೆ ಕೇಳುತ್ತಿದ್ದರು. ಐನೂರ ಮೂರಕ್ಕೆ ಉತ್ತರ ಬಂತಾ? ಇಲ್ಲವೆಂದರೆ ತಲೆಯಾಡಿಸಿ, ಆವಕ ಇದ್ದ ಮೇಲೆ ಜಾವಕ ಇರಲೇಬೇಕು ಎನ್ನುತ್ತಿದ್ದರು. ಅವರ ಲೋಕದಲ್ಲಿ ಒಳಗೆ ಬಂದ ಕಾಗದಕ್ಕೆ ಹೊರಗೆ ಹೋಗುವ ಉತ್ತರವೊಂದು ಇದ್ದೇ ಇರಬೇಕು. ಒಂದು ಸಾಲು ಖಾಲಿ ಉಳಿದಿದೆಯೆಂಬುದು ಅವರಿಗೆ ಶರೀರದಲ್ಲಿ ಮುಳ್ಳಿದ್ದಂತೆ ಇತ್ತು. ಆ ಖಾಲಿ ಸಾಲನ್ನು ಹಾಗೆಯೇ ಬಿಟ್ಟು ಅವರು ಹೋದರು.

ಅವರು ತೀರಿಕೊಂಡ ವಾರದಲ್ಲಿಯೇ ಕಾರ್ಕಳದಲ್ಲಿ ನಿವೃತ್ತ ಪ್ರಾಂಶುಪಾಲರಿಗೆ ಸನ್ಮಾನ ನಡೆಯಿತು. ಸಾವಿರಾರು ವಿದ್ಯಾರ್ಥಿಗಳನ್ನು ತಿದ್ದಿದ ಶಿಸ್ತಿನ ಸಿಪಾಯಿ ಎಂದು ಮಾನಪತ್ರದಲ್ಲಿ ಓದಿದರು. ಕೊರಳಲ್ಲಿ ಮಲ್ಲಿಗೆಯ ಹಾರವಿತ್ತು. ಅದನ್ನು ಯಾವ ತಾಯಿ ಕಟ್ಟಿದ್ದಳೋ ಯಾರಿಗೂ ಕೇಳಬೇಕೆನಿಸಲಿಲ್ಲ.

ಕಲ್ಯಾಣಪುರಕ್ಕೆ ಕಾಲೇಜಿನಿಂದ ಯಾರೂ ಬರಲಿಲ್ಲ. ಮಗಳು ಬೊಂಬಾಯಿಯಿಂದ ಬರುವ ತನಕ ದೇಹವನ್ನು ಇಟ್ಟುಕೊಳ್ಳಬೇಕಾಗಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಒಂದು ಟೆಂಪೊ ಅಂಗಳಕ್ಕೆ ಬಂತು. ಮಲ್ಪೆಯ ಐಸ್ ಫ್ಯಾಕ್ಟರಿಯಿಂದ ಮರದ ಹೊಟ್ಟಿನಲ್ಲಿ ಮುಚ್ಚಿದ ಮಂಜುಗಡ್ಡೆಯ ಹಲಗೆಗಳನ್ನು ಹೇರಿಕೊಂಡು ಸದಾನಂದ ಬಂದಿದ್ದ. ಅವನು ಈಗ ಅಲ್ಲಿ ಯಂತ್ರ ನೋಡಿಕೊಳ್ಳುತ್ತಾನೆ. ರಸಾಯನಶಾಸ್ತ್ರದಲ್ಲಿ ತರಗತಿಗೇ ಮೊದಲಿಗನಾಗಿದ್ದವನು ಅಮೋನಿಯದ ಕೊಳವೆಗಳ ನಡುವೆ ನಿಂತಿದ್ದಾನೆ. ಅವನ ಕೈಕೆಳಗೆ ಕಲಿತವರು ಡಿಪ್ಲೊಮಾ ತೋರಿಸಿ ಅವನ ಮೇಲಿನ ಹುದ್ದೆಗೆ ಹೋಗುತ್ತಾರೆ. ಅವನು ಗಡ್ಡೆಗಳನ್ನು ಒಂದೊಂದಾಗಿ ಒಳಗೆ ಸಾಗಿಸಿ, ದೇಹದ ಸುತ್ತ ಜೋಡಿಸಿ, ಒದ್ದೆ ಗೋಣಿ ಹೊದಿಸಿದ. ಸಂಜೆ ಕರಗಿದ್ದನ್ನು ತೆಗೆದು ಹೊಸದನ್ನು ಇಟ್ಟ. ಮಣ್ಣು ಮಾಡುವವರೆಗೆ ಅಲ್ಲಿಯೇ ಇದ್ದ.

ಮಣ್ಣು ಮಾಡಿದ ಸಿಮೆಟ್ರಿಯಿಂದ ಹಿಂದಿರುಗುವಾಗ ನಾನು ಅವನಿಗೆ, ಇನ್ನೊಮ್ಮೆ ಒಂದು ಮನವಿ ಬರೆಯೋಣವೇ ಎಂದೆ.

“ನಾನು ಬರೆದದ್ದು ಉಂಟಲ್ಲ. ಮೊದಲು ಅದಕ್ಕೆ ಉತ್ತರ ಬರ್ಲಿ,” ಎಂದ. ಅಂಗಿಗೆ ಅಂಟಿದ ಮರದ ಹೊಟ್ಟನ್ನು ಕೊಡವಿಕೊಂಡ. “ನಿನ್ನದು ಬಾಕಿ ಉಂಟು ಮಾರಾಯ. ನೀನು ಬರೆ.”

ಅದಕ್ಕಾಗಿ ಬರೆಯುತ್ತಿದ್ದೇನೆ. ಇದನ್ನು ಅಗಲಿದವರ ಗುಣಗಾನವೆಂದು ಓದಿ ಮಡಚಿಡಬೇಡಿ.

ಕಾಲೇಜಿನ ಇಂದಿನ ಪ್ರಾಂಶುಪಾಲರಿಗೆ ಮತ್ತು ವಿಶ್ವವಿದ್ಯಾನಿಲಯದ ಕುಲಸಚಿವರಿಗೆ ನನ್ನ ಹೇಳಿಕೆ ಇದು. ಗಾಜು ಒಡೆದ ಶುಕ್ರವಾರ ನಾನು ಕಚೇರಿಯ ಎದುರಿನ ಜಗಲಿಯಲ್ಲಿದ್ದೆ. ಸದಾನಂದ ಅಲ್ಲಿರಲಿಲ್ಲ. ಕಲ್ಲೆಸೆದವನು ಅವನಲ್ಲ. ಎಸೆದವನನ್ನು ನಾನು ಬಲ್ಲೆ. ಆ ಹೆಸರನ್ನು ಅವನೂ ಉತ್ತರ ಕೊಡಬಲ್ಲ ವಿಚಾರಣೆಯಲ್ಲಿ ಹೇಳುತ್ತೇನೆ. ಇಲ್ಲಿಯೇ ಬರೆದರೆ ವಿಚಾರಣೆಗೆ ಮೊದಲು ತೀರ್ಪು ಕೊಟ್ಟ ನಿಮ್ಮ ಸಮಿತಿಗೂ ನನಗೂ ವ್ಯತ್ಯಾಸ ಉಳಿಯುವುದಿಲ್ಲ.

ಆವಕ ಸಂಖ್ಯೆ ೫೦೩ರ ಮೇಲ್ಮನವಿಯನ್ನು ಅವಧಿಯೊಳಗೆ ಬಂದದ್ದೆಂದು ಒಪ್ಪಿ, ದೂರು ಕೊಟ್ಟವರು ತೀರ್ಪು ಕೊಡದಂಥ ಒಂದು ಸಮಿತಿಯ ಮುಂದೆ ಇಡಬೇಕೆಂದು ಕೋರುತ್ತೇನೆ. ಸದಾನಂದ ಅಂತಿಮ ಪರೀಕ್ಷೆಗೆ ಕುಳಿತುಕೊಳ್ಳಲು ಅವಕಾಶವಾಗಬೇಕು; ಕಾಪುವಿನ ಅವನ ಸಾಕ್ಷಿಗಳನ್ನು ಕುರ್ಚಿ ಕೊಟ್ಟು ಕೇಳಬೇಕು. ರಿಜಿಸ್ಟರನ್ನು ಗೆದ್ದಲು ತಿಂದಿದ್ದರೆ ತಿಂದ ಪುಟಗಳನ್ನಾದರೂ ಹಾಜರುಪಡಿಸಬೇಕು. ಅದು ಪೂರ್ಣವಾಗಿತ್ತೆಂಬುದಕ್ಕೆ ಹಸ್ತಾಂತರದ ಪಟ್ಟಿ ಕಲ್ಯಾಣಪುರದಲ್ಲಿದೆ. ತೀರಿಕೊಂಡ ನೌಕರರ ಸೇವಾ ಪುಸ್ತಕದ ‘ವಿಧೇಯನಲ್ಲ’ ಎಂಬ ಷರಾವನ್ನು ಹೊಡೆದುಹಾಕಿ, ಹಾಗೆ ಮಾಡಿದ್ದನ್ನು ಅವರ ಪತ್ನಿಗೆ ಬರಹದಲ್ಲಿ ತಿಳಿಸಬೇಕು. ಯಾರ ಮನೆಗೂ ಹೋಗಿ ನಾನು ಇದನ್ನು ಕೈಯಲ್ಲಿ ಕೊಡುವುದಿಲ್ಲ. ಇದರ ಒಂದು ಪ್ರತಿಯನ್ನು ಸೋಮವಾರ ಬೆಳಿಗ್ಗೆ ಕಾಲೇಜಿನ ಕಚೇರಿಯಲ್ಲಿ, ಕಿಟಕಿಯ ಬಳಿಯ ಆ ಮೇಜಿನ ಮುಂದೆ ನಿಂತು ಸಲ್ಲಿಸುತ್ತೇನೆ.

ಇದರಲ್ಲಿ ಕ್ಷಮೆಯೆಂಬ ಕೋರಿಕೆ ಇಲ್ಲ. ಅದು ನಾನು ಸದಾನಂದನಲ್ಲಿ ಕೇಳಬೇಕಾದದ್ದು, ನಿಮ್ಮಲ್ಲಿ ಅಲ್ಲ. ಮುದ್ರೆಯನ್ನು ಇಂದಿನ ದಿನಾಂಕಕ್ಕೆ ತಿರುಗಿಸಿ ಒತ್ತಿ, ನಂಬ್ರ ಹಾಕಿ, ಪ್ರತಿಯ ಮೇಲೆ ಸಹಿ ಮಾಡಿ ನನಗೆ ಹಿಂದಿರುಗಿಸಬೇಕು. ಆಮೇಲೆ ಉತ್ತರ ಬರೆಯಬೇಕು.